ಕೆಂಪು ಮಣ್ಣು ಹಚ್ಚಿದ ಬಟಾಟಿ

ಬಟಾಟಿ ಬೆಳೆಯುವುದು ಅಂಥ ಕಷ್ಟದ ಕೆಲಸವಲ್ಲ. ಅದನ್ನು ಕೊಳ್ಳಲು ಬರುವವರನ್ನು ಸಹಿಸಿಕೊಳ್ಳುವುದು ಕಷ್ಟ. ಮದುವೆಯಾಗಿ ಕುಲಗೋಡಕ್ಕೆ ಬಂದಾಗಿನಿಂದ ನಾನು ಮಾಡಿಕೊಂಡು ಬಂದಿರುವುದು ಇವೆರಡೇ ಕೆಲಸ. ಪುಸ್ತಕದವರು ಇದಕ್ಕೆ ಆಲೂಗಡ್ಡೆ ಎನ್ನುತ್ತಾರೆ, ಅನ್ನಲಿ. ನಾನು ಬೆಳೆದದ್ದು, ಹೊತ್ತದ್ದು, ಗೋಕಾಕದ ಸಂತೆಯಲ್ಲಿ ಬಿಸಿಲಿಗೆ ಕೂತು ಮಾರಿದ್ದು ಬಟಾಟಿ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನನ್ನ ತವರು ಹುಕ್ಕೇರಿ ಕಡೆಯ ಹತ್ತರಗಿ. ಹೆದ್ದಾರಿಯ ಬಾಜೂಕ್ಕೇ ನಮ್ಮ ಹೊಲ. ಅಲ್ಲಿಯದು ಮಸಾರಿ ಮಣ್ಣು, ಕೆಂಪಗೆ ಉದುರುದುರಾಗಿ ಇರುತ್ತದೆ. ಮಳೆ ಬಂದು ನಿಂತರೆ ಅರ್ಧ ದಿನಕ್ಕೆ ಹೊಲದಲ್ಲಿ ಕಾಲಿಡಬಹುದು. ಅಂಥ ಮಣ್ಣಲ್ಲಿ ಬಟಾಟಿ ಬೆಳೆಯಲು ಜಾಣತನವೇನೂ ಬೇಕಾಗಿಲ್ಲ, ಬೀಜ ಹೂತು ಸುಮ್ಮನಿದ್ದರೂ ಗಡ್ಡೆ ಕಟ್ಟುತ್ತದೆ. ಇದನ್ನು ನನ್ನ ತಮ್ಮನ ಎದುರಿಗೂ ಹೇಳಿದ್ದೇನೆ. ಅವನಿಗೆ ಸಿಟ್ಟು ಬರುತ್ತದೆ, ಬರಲಿ.

ಕುಲಗೋಡದ್ದು ಕಪ್ಪು ಎರೆ ಮಣ್ಣು. ಹಸಿಯಾದರೆ ಕಾಲು ಹಿಡಿದು ಬಿಡುವುದಿಲ್ಲ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಬಿಸಿಲು ಇಳಿದರೆ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ. ನಮ್ಮ ಮನೆಯವರಿಗೆಲ್ಲ ಕಬ್ಬೇ ದೇವರು, ಜೋಳ ಊಟಕ್ಕೆ. ಹಳ್ಳದ ದಂಡೆಯಲ್ಲಿದ್ದ ಒಂದು ಹೊಲ ಮಾತ್ರ ಯಾರಿಗೂ ಬೇಡವಾಗಿ ಬಿದ್ದಿತ್ತು. ಅಲ್ಲಿಗೆ ಆಗ ಕಾಲುವೆಯ ನೀರು ಹತ್ತುತ್ತಿರಲಿಲ್ಲ. ಹೊಸ ಸೊಸೆ ಏನೋ ಆಡಿಕೊಳ್ಳಲಿ ಎಂದು ಅತ್ತೆ ಅದನ್ನು ನನಗೆ ಬಿಟ್ಟರು. ನಮ್ಮವರಿಗೆ ಗೋಕಾಕದಲ್ಲಿ ನೌಕರಿ, ತಿಂಗಳ ಪಗಾರ. ಹೊಲದ ವಿಷಯ ಎತ್ತಿದರೆ ಅವರು ಪೇಪರು ಬಿಡಿಸಿ ಹಿಡಿಯುತ್ತಾರೆ.

ಆ ಹೊಲವನ್ನು ಬಟಾಟಿಗೆ ಒಗ್ಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹಳ್ಳದ ಮರಳು ಮೆಕ್ಕಲನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದೆ. ಸಗಣಿ ಗೊಬ್ಬರ, ಜೋಳದ ಹೊಟ್ಟು, ಮನೆಯ ಬೂದಿ ಎಲ್ಲವೂ ಅಲ್ಲಿಗೇ ಹೋಯಿತು. ಎಲ್ಲರೂ ಕಟ್ಟುವುದಕ್ಕಿಂತ ಎತ್ತರದ ಬೋದು, ಅಂದರೆ ಮಣ್ಣಿನ ಏರು, ಕಟ್ಟಿಸಿದೆ. ಬೀಜದ ಗಡ್ಡೆಯನ್ನು ಕಣ್ಣು ನೋಡಿ ಕತ್ತರಿಸಿ, ಬೂದಿ ಸವರಿ, ನೆರಳಲ್ಲಿ ಆರಿಸಿ ಊರಿದೆ. ಬಿರುಕು ಕಂಡಲ್ಲೆಲ್ಲ ಕೂತು ಕೈಯಿಂದಲೇ ಮಣ್ಣು ಮುಚ್ಚಿದೆ. ಮೊದಲ ವರ್ಷಗಳಲ್ಲಿ ಬಂದ ಗಡ್ಡೆಗಳು ಸೊಟ್ಟಪಟ್ಟ ಇದ್ದವು. ಆಮೇಲೆ ಆಮೇಲೆ ದುಂಡಗೆ, ತೆಳು ಸಿಪ್ಪೆಯ, ಬೇಯಿಸಿದರೆ ಒಡೆಯದ ಬಟಾಟಿ ಬಂತು. ನನ್ನ ಜೀವನದಲ್ಲಿ ನಾನು ಹೆಮ್ಮೆಪಟ್ಟಿದ್ದು ಮಕ್ಕಳಿಗಿಂತ ಸ್ವಲ್ಪ ಹೆಚ್ಚಾಗಿ ಆ ಗಡ್ಡೆಗಳ ಬಗ್ಗೆ.

ಅವನ್ನು ತುಂಬಿಕೊಂಡು ಸಂತೆಗೆ ಹೋದರೆ ಜನ ಏನು ಕೇಳಬೇಕು? ರುಚಿ ಹೇಗಿದೆ ಎಂದಲ್ಲ, ಯಾವಾಗ ಕಿತ್ತದ್ದು ಎಂದಲ್ಲ. ಚೀಲದ ಬಾಯಿ ನೋಡಿ, ಗಡ್ಡೆಗೆ ಅಂಟಿದ ಕಪ್ಪು ಮಣ್ಣು ನೋಡಿ, ಮಸಾರಿಯವು ಇಲ್ಲವೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮುಂದೆ ಹೋಗುತ್ತಿದ್ದರು. ಮಸಾರಿ ಮಣ್ಣಿನ ಬಟಾಟಿಗೆ ರುಚಿ, ಎರೆ ಮಣ್ಣಿನದು ನೀರು ನೀರು ಎಂಬುದು ಈ ಮೂರು ತಾಲೂಕಿನಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಹಾಲಿನ ಜೊತೆಗೇ ಕುಡಿಸಿದ ಮಾತು. ಹುಕ್ಕೇರಿ ಕಡೆಯವರಾದರೆ ಹೋಗಲಿ, ಅವರದು ಮಸಾರಿ. ನಮ್ಮ ಮೂಡಲಗಿ ಕಡೆಯವರೂ ಹೀಗೇ ಅನ್ನುತ್ತಾರೆ, ಎರೆ ಹೊಲದಲ್ಲೇ ಹುಟ್ಟಿ, ಎರೆ ಹೊಲದ ಜೋಳ ತಿಂದು ಬೆಳೆದವರು!

ಇದಕ್ಕೆ ಸಂತೆಯವರು ಮೊದಲೇ ಕಂಡುಕೊಂಡ ಉಪಾಯ ಒಂದಿತ್ತು. ಎರೆ ಮಣ್ಣನ್ನು ಗೋಣಿತಟ್ಟಿನಿಂದ ಒರೆಸಿ ತೆಗೆಯುವುದು. ತಾಡಪತ್ರಿಯ ಮೇಲೆ ಜರಡಿ ಹಿಡಿದ ಕೆಂಪು ಮಣ್ಣು ಹರವಿ, ಗಡ್ಡೆಗೆ ಚೂರು ನೀರು ಚಿಮುಕಿಸಿ ಅದರಲ್ಲಿ ಸುರಿಯುವುದು. ಆಮೇಲೆ ಇಬ್ಬರು ತಾಡಪತ್ರಿಯ ತುದಿ ಹಿಡಿದು ತೊಟ್ಟಿಲು ತೂಗಿದಂತೆ ತೂಗುವುದು. ಅಷ್ಟರಲ್ಲಿ ಬಟಾಟಿಯ ಊರು ಬದಲಾಗಿರುತ್ತದೆ. ಎಲ್ಲರೂ ಹೀಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ, ಸಂತೆಯ ಮೂಲೆಯಲ್ಲೇ ತೂಗುತ್ತಿದ್ದರು.

ನನಗೆ ಕೆಂಪು ಮಣ್ಣು ಸರಬರಾಜು ಮಾಡುತ್ತಿದ್ದವನು ತಮ್ಮ. ಪಂಚಮಿಗೆ ತವರಿಗೆ ಹೋದರೆ ಬೇರೆ ಹೆಣ್ಣುಮಕ್ಕಳಿಗೆ ಸೀರೆ, ಕುಬಸದ ಖಣ, ಡಬ್ಬಿ ತುಂಬ ಉಂಡಿ ಕೊಟ್ಟು ಕಳಿಸುತ್ತಾರೆ. ನನಗೆ ಅವೆಲ್ಲದರ ಜೊತೆಗೆ ಎರಡು ಚೀಲ ಮಣ್ಣು. ತವರಿನ ಮಣ್ಣು ಎಂದರೆ ಹೆಂಗಸರು ಕಣ್ಣೀರು ಹಾಕುತ್ತಾರೆ, ನಾನು ಬಸ್ಸಿನ ಕಂಡಕ್ಟರನ ಜೊತೆ ಜಗಳ ಆಡುತ್ತಿದ್ದೆ. ಚೀಲದಲ್ಲಿ ಏನಿದೆ ಎಂದು ಕೇಳುತ್ತಿದ್ದ. ಮಣ್ಣು ಎಂದರೆ ನಂಬುತ್ತಿರಲಿಲ್ಲ. ಬಾಯಿ ಬಿಚ್ಚಿ ತೋರಿಸಿದರೆ, ಕುಲಗೋಡದಲ್ಲಿ ಮಣ್ಣಿಗೂ ಬರ ಬಂತೇ ಎಂದು ಬಸ್ಸಿನವರೆಲ್ಲ ನಗುವಂತೆ ಕೇಳಿ, ಆಮೇಲೆ ಲಗೇಜಿನ ಟಿಕೆಟು ಹರಿಯುತ್ತಿದ್ದ.

ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಗಿರಾಕಿಗಳಿಗೆ ಇದೆಲ್ಲ ಗೊತ್ತಿತ್ತು ಎಂಬುದು. ವರ್ಷಗಟ್ಟಲೆ ನನ್ನಲ್ಲೇ ಕೊಳ್ಳುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು ಒಮ್ಮೆ ಗಡ್ಡೆಯನ್ನು ಬೆರಳಲ್ಲಿ ಉಜ್ಜಿ, ಕೆಂಪಿನ ಕೆಳಗಿನ ಕಪ್ಪು ನೋಡಿ ನಕ್ಕರು.

"ಮಣ್ಣ ಹಚ್ಚೀರಿ ಅಂತ ಗೊತ್ತೈತ್ರಿ ಯವ್ವಾ. ಇರ್ಲಿ, ಅದರಾಗಿನ್ವ ಕೆಂಪನ್ವ ಆರಿಸಿ ಹಾಕ್ರಿ."

ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ. ಮೋಸ ಹೋಗುವವರನ್ನು ಕಂಡರೆ ಕನಿಕರ ಬರುತ್ತದೆ. ಗೊತ್ತಿದ್ದೂ ಮೋಸ ಹೋಗಲು ಚೀಲ ಹಿಡಿದು ನಿಲ್ಲುವವರಿಗೆ ಏನು ಮಾಡುವುದು?

ಒಂದು ಸಲ ಕೃಷಿಯವರ ತರಬೇತಿಗೆ ಹೋಗಿದ್ದೆ. ತೊಳೆದು, ಗಾತ್ರ ವಿಂಗಡಿಸಿ ಮಾರಿ, ಪಟ್ಟಣದವರಿಗೆ ಹಾಗೆಯೇ ಇಷ್ಟ ಎಂದರು. ಕಾಲುವೆಯಲ್ಲಿ ಸೊಂಟದವರೆಗೆ ನಿಂತು ತೊಳೆದೆ. ಚಿನ್ನದ ಬಣ್ಣ ಬಂತು. ಮಣ್ಣೇ ಇಲ್ಲದ ಮೇಲೆ ಕೆಂಪು ಕಪ್ಪಿನ ಪ್ರಶ್ನೆಯೇ ಇಲ್ಲ ಎಂದುಕೊಂಡು ಸಂತೆಗೆ ಒಯ್ದರೆ, ಇದು ಥಂಡಿ ಗೋದಾಮಿನ ಹಳೇ ಮಾಲು, ಉತ್ತರದಿಂದ ಬಂದದ್ದು ಎಂದು ಜನ ಮೂಸಿಯೂ ನೋಡಲಿಲ್ಲ. ಉಳಿದದ್ದನ್ನು ಮನೆಗೆ ತಂದೆ. ಒದ್ದೆ ಗಡ್ಡೆ ಎಷ್ಟು ದಿನ ಇದ್ದೀತು, ವಾರದೊಳಗೆ ನಾತ ಹೊಡೆಯಿತು. ಎಮ್ಮೆ ಕೂಡ ಅನುಮಾನದಿಂದಲೇ ತಿಂದಿತು.

ಇನ್ನು ಮನೆಯಲ್ಲಿ ಅತ್ತೆ. ಅವರು ಬೆಳಗ್ಗೆ ಈಳಿಗೆಯ ಮುಂದೆ ಕೂತು ಪಲ್ಯಕ್ಕೆ ತಾವೇ ಹೆಚ್ಚಿಕೊಡುತ್ತಾರೆ, ಈಗಲೂ. ನನ್ನ ತಮ್ಮ ಕಳಿಸಿದ ಬಟಾಟಿ ಮುಗಿದಿದ್ದರೆ ನನ್ನ ಬಟಾಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಬದನೆಕಾಯಿ ಕೇಳುತ್ತಿದ್ದರು. ಸೊಸೆ ಬೆಳೆದದ್ದು ಊರಿಗೆ ಮಾರಲು, ಸೊಸೆಯ ತವರಿನದು ತಿನ್ನಲು. ನಾನು ಎದುರು ಮಾತಾಡುತ್ತಿರಲಿಲ್ಲ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಈಚೆಗೆ ಕಾಲುವೆಯ ನೀರು ಹಳ್ಳದ ಹೊಲಕ್ಕೂ ಬಂತು. ನೀರು ಬಂದದ್ದೇ ತಡ, ಯಾರಿಗೂ ಬೇಡವಾಗಿದ್ದ ಹೊಲ ಎಲ್ಲರ ಕಣ್ಣಿಗೆ ಬಿತ್ತು. ಕಬ್ಬಿನ ವ್ಯವಹಾರ ನೋಡುವವನು ನನ್ನ ಮೈದುನ. ಒಳ್ಳೆಯವನೇ, ದನಿ ಎತ್ತಿ ಮಾತಾಡುವವನಲ್ಲ. ಒಂದು ದಿನ ಊಟಕ್ಕೆ ಕೂತಾಗ ಅತ್ತೆಯ ಎದುರಿಗೆ, ಆ ಹೊಲಕ್ಕೂ ಕಬ್ಬು ಹಚ್ಚೋಣ ಎಂದ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಇಷ್ಟು ವರ್ಷ ಮಣ್ಣು ಹೊತ್ತದ್ದು ಯಾರು ಎಂದು ಕೇಳಿದೆ. ಅವನು ತಾಟಿನಿಂದ ತಲೆ ಎತ್ತದೆ ಹೇಳಿದ:

"ನಮ್ಮ ಹೊಲದಾಗ ಬೆಳದಿದ್ದನ್ನ ನಮ್ಮ ಹೊಲದ ಮಣ್ಣಿನ ಕೂಡ ಮಾರಾಕ ಆಗೂದಿಲ್ಲಂದ್ರ, ಆ ಬೆಳಿ ನಮಗ್ಯಾಕ್ರಿ ವೈನಿ?"

ನನಗೆ ಮೈ ಉರಿಯಿತು. ಉರಿದದ್ದು ಅವನು ಸುಳ್ಳು ಹೇಳಿದ್ದಕ್ಕಲ್ಲ. ಹೊಲ ಅತ್ತೆಯ ಹೆಸರಿನಲ್ಲಿದೆ, ಕೊನೆಯ ಮಾತು ಅವರದೇ. ಅವರು ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು.

"ಈ ಸುಗ್ಗಿಗೆ ಮಣ್ಣ ಹಚ್ಚದ ಮಾರಿ ತೋರ್ಸು. ಹ್ವಾದ್ರ ಹೊಲ ನಿಂದು. ಇಲ್ಲಂದ್ರ ಕಬ್ಬು."

ಆ ವರ್ಷದ ಬೆಳೆಯನ್ನು ನಾನು ಹೇಗೆ ನೋಡಿಕೊಂಡೆ ಎಂದು ಹೇಳಲು ಹೋಗುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಿತ್ತಾಗ ಮೈದುನನೂ ಒಂದು ಗಡ್ಡೆ ಎತ್ತಿ ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟ. ತಮ್ಮ ಕಳಿಸಿದ ಕೆಂಪು ಮಣ್ಣಿನ ಚೀಲಗಳನ್ನು ನಾನು ಕಟ್ಟು ಬಿಚ್ಚದೆ ಅಟ್ಟಕ್ಕೆ ಹಾಕಿದೆ.

ಗೋಕಾಕದ ಸಂತೆಗೆ ತಮ್ಮನೂ ಬಂದ. ಎಂದಿನಂತೆ ಹುಕ್ಕೇರಿ ಕಡೆ ಮಾರುವವನು, ಅಕ್ಕ ಒಬ್ಬಳೇ ಆಗುತ್ತಾಳೆಂದು ತನ್ನ ಬಟಾಟಿ ಹೇರಿಕೊಂಡು ಬಂದು ನನ್ನ ಪಕ್ಕದಲ್ಲೇ ತಾಡಪತ್ರಿ ಹಾಸಿದ. ಪ್ರೀತಿಯಿಂದ ಮಾಡಿದ್ದೇ. ಆದರೆ ಕಪ್ಪು ಬಟಾಟಿ ಮಾರಬೇಕಾದವಳ ಪಕ್ಕದಲ್ಲಿ ಕೆಂಪು ಬಟಾಟಿ ರಾಶಿ ಹಾಕಿದರೆ ಏನಾಗುತ್ತದೆಂದು ಯೋಚಿಸುವಷ್ಟು ಬುದ್ಧಿಯನ್ನು ದೇವರು ಅವನಿಗೆ ಕೊಟ್ಟಿಲ್ಲ. ಬಂದವರೆಲ್ಲ ನನ್ನ ರಾಶಿ ದಾಟಿ ಅವನ ಮುಂದೆ ಕೂರುತ್ತಿದ್ದರು. ಮಾಸ್ತರರು ಬಂದರು. ಇವತ್ತು ಹಚ್ಚಿಲ್ಲವೇ ಎಂದು ನನ್ನನ್ನು ಕೇಳಿ, ಇಲ್ಲ ಎಂದದ್ದಕ್ಕೆ ನೊಂದುಕೊಂಡು, ತಮ್ಮನ ಹತ್ತಿರ ಕೊಂಡರು. ಮಧ್ಯಾಹ್ನದ ಹೊತ್ತಿಗೆ ತಮ್ಮನ ತಾಡಪತ್ರಿ ಖಾಲಿ, ನನ್ನ ರಾಶಿ ಕೂತಲ್ಲೇ ಕೂತಿತ್ತು.

ತಲೆನೋವು ಬಂದು ನಾನು ಚಾ ಕುಡಿಯಲು ಎದ್ದು ಹೋದೆ. ವಾಪಸು ಬಂದು ನೋಡಿದರೆ ನನ್ನ ರಾಶಿ ಅರ್ಧವಾಗಿದೆ. ಇನ್ನರ್ಧ ತಮ್ಮನ ತಾಡಪತ್ರಿಯ ಮೇಲಿದೆ. ಅಲ್ಲಿ ಉಳಿದಿದ್ದ ಕೆಂಪು ಧೂಳು ಅದಕ್ಕೆ ಮೆತ್ತಿಕೊಂಡಿದೆ, ಮತ್ತು ಜನ ಮುಗಿಬಿದ್ದು ಕೊಳ್ಳುತ್ತಿದ್ದಾರೆ. ನಾನು ಹೋಗಿ ತಮ್ಮನ ಕೈಯಿಂದ ತಕ್ಕಡಿ ಕಸಿಯುವಷ್ಟರಲ್ಲಿ ಕೊನೆಯ ಗಿರಾಕಿಯೂ ಚೀಲ ತುಂಬಿಕೊಂಡು ಹೊರಟಿದ್ದ.

"ಮಾರಿದ್ರ ಸಾಕಲ್ಲ ಅಕ್ಕಾ. ನಾ ಏನ್ ಸುಳ್ಳ ಹೇಳಿಲ್ಲ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ," ಎಂದ. ಮುಖದಲ್ಲಿ ನಾನು ಹೊಗಳುತ್ತೇನೆಂಬ ಆಸೆ.

ನನ್ನನ್ನು ಕರೆದೊಯ್ಯಲು ಬಂದ ಮೈದುನ ಅಷ್ಟೊತ್ತಿಗೆ ಬೆನ್ನ ಹಿಂದೆ ನಿಂತಿದ್ದ, ಎಲ್ಲವನ್ನೂ ನೋಡಿದ್ದ. ಇದು ಲೆಕ್ಕಕ್ಕೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ನಡು ಸಂತೆಯಲ್ಲಿ ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ನಿನ್ನ ಮಣ್ಣು ನನ್ನ ಹೊಲ ತಿಂದಿತು ಎಂದೆ. ಅವನು ತಾಡಪತ್ರಿ ಮಡಚಿಕೊಂಡು ಹೋದ. ಮನೆಯಲ್ಲಿ ಅತ್ತೆ ಎಲ್ಲ ಕೇಳಿ, ಉಳಿದರ್ಧಕ್ಕೆ ಮುಂದಿನ ಸಂತೆಯವರೆಗೆ ಸಮಯ ಕೊಟ್ಟರು. ಆ ವಾರ ತಮ್ಮನ ಫೋನು ಬಂದರೂ ನಾನು ಎತ್ತಲಿಲ್ಲ.

ಮುಂದಿನ ಸಂತೆಗೆ ಅವನು ಮತ್ತೆ ಬಂದ, ಮತ್ತೆ ಪಕ್ಕದಲ್ಲೇ ಕೂತ. ನನ್ನ ಕಡೆ ನೋಡಲಿಲ್ಲ. ನನ್ನ ಜೊತೆಗೆ ಕೂರಲೇಬೇಕೆಂದು ತನ್ನ ಹೊಲದಲ್ಲಿ ಇನ್ನೂ ಬಲಿಯದ ಸಾಲುಗಳನ್ನೂ ಕಿತ್ತು ತಂದಿದ್ದ. ಸಿಪ್ಪೆ ಗಟ್ಟಿಯಾಗಿರಲಿಲ್ಲ, ಬೆರಳು ಸೋಕಿದರೆ ಸುಲಿಯುತ್ತಿತ್ತು. ಅಷ್ಟಾದರೂ ಅವು ಹೋಗುತ್ತಿದ್ದವು, ಕೆಂಪಗಿದ್ದವಲ್ಲ. ಮೈದುನ ಈ ಸಲ ಬೆಳಗ್ಗೆಯಿಂದಲೇ ಎದುರಿನ ಚಾದಂಗಡಿಯಲ್ಲಿ ಕೂತಿದ್ದ. ನನ್ನ ರಾಶಿಯ ಮೇಲೆ ನೊಣ ಕೂತರೂ ಅವನಿಗೆ ಕಾಣುವಂತಿತ್ತು.

ಬಿಸಿಲೇರಿದ ಮೇಲೆ ಒಬ್ಬ ಹೆಣ್ಣುಮಗಳು ಎರಡು ಖಾಲಿ ಚೀಲ ಹಿಡಿದುಕೊಂಡು ನೆಟ್ಟಗೆ ತಮ್ಮನ ಮುಂದೆ ಬಂದು ನಿಂತಳು. ಮೇಲವಂಕಿಯವಳಂತೆ. ಹೋದ ವಾರ ಇವನಲ್ಲೇ ಕೊಂಡಿದ್ದಳಂತೆ, ಈಗ ಮನೆಯಲ್ಲಿ ಬಸಿರಿ ನಾದಿನಿಯ ಕುಬಸದ ಕಾರ್ಯ ಇದೆಯಂತೆ. ತಮ್ಮ ತನ್ನ ರಾಶಿ ತೋರಿಸಿದ. ಅವಳು ಕೂತು ಒಂದು ಗಡ್ಡೆ ಎತ್ತಿದಳು, ಉಗುರಿನಿಂದ ಗೀರಿದಳು, ಕೆಳಗಿಟ್ಟಳು. ಇನ್ನೊಂದು ಎತ್ತಿದಳು.

"ಇವಲ್ಲರಿ ಅಣ್ಣಾ. ಹೋದ ವಾರ ಒಯ್ದಿದ್ನೆಲ್ಲ, ಕುದಿಸಿದ್ರ ಒಂದೂ ಒಡೀಲಿಲ್ಲ. ನನಗ ಅವ ಬೇಕು."

ತಮ್ಮ ತಕ್ಕಡಿ ಕೆಳಗಿಟ್ಟ. ಅವನ ಮುಂದೆ ಬೇರೆ ಗಿರಾಕಿಗಳೂ ನಿಂತಿದ್ದರು. ಅವರಲ್ಲೊಬ್ಬ ಆಗಲೇ ಕೈಗೆ ತೆಗೆದುಕೊಂಡಿದ್ದ ಗಡ್ಡೆಯನ್ನು ಅನುಮಾನದಿಂದ ನೋಡತೊಡಗಿದ್ದ. ಮುಗಿದುಹೋದವು ಎಂದುಬಿಟ್ಟಿದ್ದರೆ ಅವನ ವ್ಯಾಪಾರಕ್ಕೇನೂ ಕುಂದು ಬರುತ್ತಿರಲಿಲ್ಲ. ನಾನು ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಒರೆಸುತ್ತ ಕೂತೆ. ವಾರವಿಡೀ ಮಾತು ಬಿಟ್ಟವಳು ಯಾವ ಮುಖ ಹೊತ್ತು ಅವನ ಕಡೆ ನೋಡಲಿ?

"ಅವು ನನ್ನವಲ್ಲರಿ," ಎಂದ ತಮ್ಮ, ಎಲ್ಲರಿಗೂ ಕೇಳುವಂತೆ. "ಈಕಿ ನಮ್ಮ ಅಕ್ಕ. ಈಕಿವು. ಕುಲಗೋಡದ ಎರಿ ಹೊಲದವು."

ಅವಳು ನನ್ನ ರಾಶಿಯನ್ನು ಈಗಷ್ಟೇ ಅಲ್ಲಿ ಹುಟ್ಟಿಕೊಂಡಿತೇನೋ ಎಂಬಂತೆ ನೋಡಿದಳು. ಬಂದು ಕೂತಳು. ಒಂದನ್ನು ಉಗುರಿನಿಂದ ಗೀರಿದಳು, ಅಂಟಿದ್ದ ಕಪ್ಪು ಮಣ್ಣು ಉಗುರಿಗೆ ಬಂತು. ಒಳಗಿನ ಹಳದಿ ನೋಡಿ ತಲೆಯಾಡಿಸಿ, ಇವೇ ಎಂದಳು. ಎರಡೂ ಚೀಲ ತುಂಬಿಸಿ ಎಂದಳು. ನನ್ನ ರಾಶಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಮೈದುನ ಚಾದ ಲೋಟ ಇಟ್ಟು ರಸ್ತೆ ದಾಟಿ ಬಂದ. ಒಂದು ಚೀಲ ತುಂಬಿತು, ಇನ್ನೊಂದು ಅರ್ಧವಾಯಿತು. ಆಗ ಅವಳು ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ ಹೇಳಿದಳು:

"ಅಕ್ಕಾರ, ನನಗೇನ್ ಅನುಮಾನ ಇಲ್ಲ. ಆದ್ರ ಮನ್ಯಾಗ ಅತ್ತಿ ಚೀಲ ಬಿಚ್ಚಿ ನೋಡತಾಳ. ಮ್ಯಾಲ ಒಂದೀಟ ಕೆಂಪ ಮಣ್ಣ ಹಚ್ಚಿ ಕೊಡ್ರೆಲ್ಲ."

ತಮ್ಮನ ತಾಡಪತ್ರಿಯ ಮೇಲೆ ಕೆಂಪು ಮಣ್ಣು ಬೊಗಸೆಗಟ್ಟಲೆ ಉದುರಿ ಬಿದ್ದಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೈದುನ ನನ್ನ ಕೈಯನ್ನೇ ನೋಡುತ್ತಿದ್ದ, ತಮ್ಮನೂ. ಎರಡು ಚೀಲದ ಗಿರಾಕಿ ಎದ್ದು ಹೋದರೆ ಆ ಹೊಲದಲ್ಲಿ ಮುಂದಿನ ವರ್ಷ ಕಬ್ಬು ನಿಂತಿರುತ್ತದೆ. ನಾನು ತುಂಬ ಹೊತ್ತು ಯೋಚಿಸಲಿಲ್ಲ. ಸಿಟ್ಟು ಯೋಚನೆಗೆ ಜಾಗ ಬಿಡಲಿಲ್ಲ.

"ಹಚ್ಚೂದಿಲ್ಲ," ಎಂದೆ. "ಬೇಕಾದ್ರ ಹಿಂಗ ಒಯ್ರಿ. ಬ್ಯಾಡಾದ್ರ ಇಲ್ಲೇ ಸುರವ್ರಿ."

ಅವಳು ಚೀಲದ ಬಾಯಿ ಹಿಡಿದು ನಿಂತಳು. ಚೀಲ ನೋಡಿದಳು, ತಮ್ಮನ ಸುಲಿದ ಸಿಪ್ಪೆಯ ಬಟಾಟಿ ನೋಡಿದಳು, ತನ್ನ ಅತ್ತೆಯ ಮುಖವನ್ನೂ ಮನಸ್ಸಿನಲ್ಲಿ ನೋಡಿರಬೇಕು. ಆಮೇಲೆ ನಿಟ್ಟುಸಿರು ಬಿಟ್ಟು, ಪೂರಾ ತುಂಬಿಸಿ ಎಂದಳು. ಮನೆ ಮುಟ್ಟುವ ಮೊದಲು ಹಳ್ಳದಲ್ಲಿ ತೊಳೆದು ಒಯ್ಯುತ್ತಾಳಂತೆ. ತೊಳೆದರೆ ಬೇಗ ಬಳಸಿ ಎಂದಷ್ಟೇ ಹೇಳಿದೆ. ಚೀಲಗಳನ್ನು ಅವಳ ಗಾಡಿಗೆ ಹೊತ್ತು ಹಾಕಿದವನು ಮೈದುನ. ನಾನು ನನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ತಮ್ಮನಿಗೆ ಕೊಟ್ಟೆ. ಅವನು ಇಸಕೊಂಡು ತಿಂದ. ಅಲ್ಲಿಗೆ ನಮ್ಮ ಜಗಳ ಮುಗಿಯಿತು.

ಮನೆಯಲ್ಲಿ ಮೈದುನನೇ ಎಲ್ಲ ಹೇಳಿದ, ಒಂದಕ್ಷರವೂ ಬಿಡದೆ. ಮಣ್ಣು ಹಚ್ಚಲಿಲ್ಲ ಎಂಬುದನ್ನು ಎರಡು ಸಲ ಹೇಳಿದ. ಅತ್ತೆ ಕೇಳಿಸಿಕೊಂಡು, ಹಳ್ಳದ ಹೊಲ ಇನ್ನು ನನ್ನದೇ, ಕಬ್ಬಿನ ಸುದ್ದಿ ಯಾರೂ ತೆಗೆಯಬಾರದು ಎಂದರು. ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಬೇಕೆಂದು ಎದ್ದಾಗ ಅತ್ತೆ ಹಿಂದಿನಿಂದ ಕರೆದರು.

"ನಾಳೆ ಪಲ್ಯಕ್ಕ ಬಟಾಟಿ ಹೆಚ್ಚಬೇಕಂತ ಮಾಡೇನಿ. ನಿನ್ನ ತಮ್ಮನ ಹೊಲದವ ತಗದಿಡು. ನಿನ್ನವ ಬ್ಯಾಡ."

ಅಟ್ಟ ಹತ್ತಿ, ಬಾಯಿ ಬಿಚ್ಚದೆ ಇಟ್ಟಿದ್ದ ಕೆಂಪು ಮಣ್ಣಿನ ಚೀಲ ಇಳಿಸಿದೆ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಮನೆಗೆಂದು ಉಳಿಸಿದ್ದ ಹಳ್ಳದ ಹೊಲದ ಬಟಾಟಿ ತೆಗೆದುಕೊಂಡು, ಒಂದೊಂದನ್ನೇ ಕಪ್ಪು ಒರೆಸಿ, ನೀರು ಚಿಮುಕಿಸಿ, ಕೆಂಪು ಸವರಿ ಅತ್ತೆಯ ಬುಟ್ಟಿಗೆ ಹಾಕಿದೆ. ಬೆಳಗ್ಗೆ ಅವರು ಈಳಿಗೆಯ ಮುಂದೆ ಕೂತು ಒಂದನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಉಜ್ಜಿದರು. ಕೆಂಪಿನ ಕೆಳಗೆ ಬೊಟ್ಟಿನಷ್ಟು ಕಪ್ಪು ಕಂಡಿತು, ಒರೆಸುವಾಗ ಅದು ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಅತ್ತೆ ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

"ಮಸಾರಿದು ಮಸಾರಿದ ನೋಡು," ಎಂದು ಹೆಚ್ಚತೊಡಗಿದರು.